ಇಲಿಯ ಹೊಟ್ಟೆ ಉಳಿಯಿತು, ಕುಡಿಯುವವನದು?

ಹೊಸದುರ್ಗ, ಹಿರಿಯೂರು ಸೀಮೆಯಲ್ಲಿ ದಾಳಿಂಬೆಗೆ ಬರವಿಲ್ಲ. ಹಣ್ಣು ಮಾರುಕಟ್ಟೆಗೆ ಹೋದರೆ ಸಿಪ್ಪೆ ತಿಪ್ಪೆಗೆ. ಭೇದಿಯಾದಾಗ ಅದೇ ಸಿಪ್ಪೆಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವ ಅಜ್ಜಿಯರು ಇನ್ನೂ ಇದ್ದಾರೆ. ಪ್ರಯೋಗಾಲಯ ಅದಕ್ಕೆ ಇನ್ನೊಂದು ಗುಣವನ್ನೂ ಸೇರಿಸಿದೆ: ಸಿಪ್ಪೆಯ ಸಾರ ಕುಡಿಸಿದ ಇಲಿಗಳ ಜಠರದಲ್ಲಿ ಮದ್ಯಸಾರದ ಗಾಯ ಕಡಿಮೆಯಾಯಿತೆಂಬ ವರದಿ 1999ರಲ್ಲೇ ಪ್ರಕಟವಾಗಿದೆ. ಆಮೇಲೆ ಒಂದೆಲಗ, ಬೆಟ್ಟದ ನೆಲ್ಲಿಯ ಬಗ್ಗೆಯೂ ಇಂಥವೇ ವರದಿಗಳು ಬಂದವು. ಜೋಗಿಮಟ್ಟಿ ಕಾಡನ್ನು ಬೆನ್ನಿಗಿಟ್ಟುಕೊಂಡಿರುವ, ಫಾರ್ಮಸಿ ಕಾಲೇಜೂ ಇರುವ ಚಿತ್ರದುರ್ಗಕ್ಕೆ ಇದು ಆಸೆ ಹುಟ್ಟಿಸುವ ಸುದ್ದಿಯೇ.

ಆದರೆ ಆ ಪ್ರಯೋಗ ನಡೆಯುವ ಬಗೆ ನೋಡಿ. ಉಪವಾಸ ಕೆಡವಿದ ಇಲಿಗೆ ಮೊದಲು ಗಿಡದ ಸಾರ. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಒಂದು ಮಿಲಿಲೀಟರಿನಷ್ಟು ಶುದ್ಧ ಮದ್ಯಸಾರ. ಮತ್ತೊಂದು ಗಂಟೆಗೆ ಇಲಿಯನ್ನು ಕೊಂದು, ಜಠರ ಸೀಳಿ, ಕೆಂಪು ಗೆರೆಗಳನ್ನು ಅಳೆಯುತ್ತಾರೆ. ಅಮೆರಿಕದ ಆಂಡ್ರೆ ರಾಬರ್ಟ್ 1979ರಲ್ಲಿ ಪ್ರಸಿದ್ಧಿಗೆ ತಂದ ವಿಧಾನವಿದು. ನಮ್ಮ ಬಾರ್‌ಗಳ ವಿಸ್ಕಿ, ಬ್ರಾಂದಿ ಸಾಮಾನ್ಯವಾಗಿ ಶೇ 42.8ರದ್ದು; ಕುಡಿಯುವವರು ಅದನ್ನು ಕುಡಿಯುವುದು ಒಂದು ಮಧ್ಯಾಹ್ನವಲ್ಲ, ವರ್ಷಗಟ್ಟಲೆ.

ಅದೇ ರಾಬರ್ಟ್ 1983ರಲ್ಲಿ ಇನ್ನೊಂದು ಸೋಜಿಗ ತೋರಿಸಿದರು. ಮುಂಚಿತವಾಗಿ ಶೇ 20ರ ಮದ್ಯಸಾರವನ್ನೇ ಕುಡಿಸಿದರೂ ಇಲಿಯ ಜಠರ ಶುದ್ಧ ಮದ್ಯಸಾರದ ಹೊಡೆತ ತಾಳಿಕೊಳ್ಳುತ್ತದೆ! ಸಣ್ಣ ಕೆರಳಿಕೆಯಾದರೆ ಸಾಕು, ಒಳಪೊರೆ ಪ್ರೊಸ್ಟಾಗ್ಲ್ಯಾಂಡಿನ್ ಸುರಿಸಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. (ಹಾಗೆಂದು ಮದ್ಯವನ್ನೇ ಹೊಟ್ಟೆಯ ಔಷಧವೆಂದು ಯಾರೂ ಮಾರಲಿಲ್ಲ, ಸದ್ಯ.) ಹೀಗಿರುವಾಗ ಟ್ಯಾನಿನ್ ತುಂಬಿದ ಒಗರು ಸಿಪ್ಪೆ, ತೊಗಟೆಗಳು ಈ ಪರೀಕ್ಷೆಯಲ್ಲಿ ಪಾಸಾಗುವುದು ದೊಡ್ಡ ಸಂಗತಿಯೇನಲ್ಲ.

ಮದ್ಯವೂ ಜಠರದಲ್ಲೇ ನಿಲ್ಲುವುದಿಲ್ಲ. ಬಹುಪಾಲು ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 1988ರಲ್ಲೇ ಕ್ಯಾನ್ಸರ್‌ಕಾರಕವೆಂದು ಗುರುತಿಸಿತು. ಕಷಾಯ ಕುಡಿದು ಹೊಟ್ಟೆಯ ಉರಿ ಶಮನವಾದರೆ, ಕುಡಿಯುವವನಿಗೆ ಸಿಗುತ್ತಿದ್ದ ಮೊದಲ ಎಚ್ಚರಿಕೆಯೂ ತಪ್ಪಿದಂತೆ.

2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಆ ಪಾದಯಾತ್ರೆ ಹೊರಟಿದ್ದು ಇದೇ ಚಿತ್ರದುರ್ಗದಿಂದ. ಗಂಡನ ಜಠರದ ಒಳಪೊರೆ ಅವರ ಬೇಡಿಕೆಯ ಪಟ್ಟಿಯಲ್ಲಿರಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಬಾಟಲಿ ನಿಲ್ಲಲಿಲ್ಲ. 2025–26ರ ಬಜೆಟ್‌ನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ.

ಹಾಗಾದರೆ ಗಿಡಮೂಲಿಕೆಯ ಸಂಶೋಧನೆ ವ್ಯರ್ಥವೇ? ಅಲ್ಲ, ರೋಗಿಯನ್ನು ಬದಲಿಸಬೇಕು ಅಷ್ಟೆ. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ದುಡಿದು ಮಂಡಿ ನೋವಿಗೆ ಅಂಗಡಿಯ ಮಾತ್ರೆ ನುಂಗುವವರ ಹೊಟ್ಟೆಯೂ ಹುಣ್ಣಾಗುತ್ತದೆ. ನೋವಿನ ಮಾತ್ರೆಗಳು ಅದೇ ಪ್ರೊಸ್ಟಾಗ್ಲ್ಯಾಂಡಿನ್ನನ್ನು ತಗ್ಗಿಸುತ್ತವೆ. ಗಿಡದ ಸಾರಕ್ಕೆ ನಿಜವಾದ ಕೆಲಸ ಇರುವುದು ಅಲ್ಲಿ.

ದಾರಿಯೂ ಹೊಸದೇನಲ್ಲ. ಬೇವಿನ ತೊಗಟೆಯ ಸಾರವನ್ನು ಕೋಲ್ಕತ್ತದ ಸಂಶೋಧಕರು ಇಲಿಗೆ ನಿಲ್ಲಿಸದೆ ರೋಗಿಗಳಿಗೇ ಕೊಟ್ಟು ನೋಡಿದರು. ದಿನಕ್ಕೆರಡು ಬಾರಿ 30 ಮಿಲಿಗ್ರಾಂನಂತೆ ಹತ್ತು ದಿನ ಕೊಟ್ಟಾಗ ಜಠರಾಮ್ಲ ಶೇ 77ರಷ್ಟು ಇಳಿಯಿತೆಂದು 2004ರಲ್ಲಿ ವರದಿ ಮಾಡಿದರು. ‘ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇಲ್ಲ’ ಎನ್ನುವವರು ಜ್ಯೇಷ್ಠಮಧುವಿನ ಕತೆ ಕೇಳಬೇಕು. ಅದರ ಸತ್ವದಿಂದ ತಯಾರಾದ ಕಾರ್ಬೆನೊಕ್ಸೊಲೋನ್ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹುಣ್ಣು ಮಾಯಿಸಿತು, ಜೊತೆಗೆ ರಕ್ತದೊತ್ತಡ ಏರಿಸಿತು, ಪೊಟ್ಯಾಸಿಯಂ ಇಳಿಸಿತು.

ದಾಳಿಂಬೆ ಸಿಪ್ಪೆಗೂ ಇಂಥದೇ ತಪಾಸಣೆ ಬೇಕು: ಯಾವ ತಳಿ, ಎಷ್ಟು ಪ್ರಮಾಣ, ಎಷ್ಟು ದಿನ, ಯಾರಿಗೆ ಕೂಡದು. ಅದಕ್ಕೆ ವೈದ್ಯರು, ನೈತಿಕ ಸಮಿತಿಯ ಒಪ್ಪಿಗೆ, ಒಪ್ಪಿ ಬರುವ ರೋಗಿಗಳು ಬೇಕು. ಎಂ.ಫಾರ್ಮ ವಿದ್ಯಾರ್ಥಿಯ ಪ್ರಬಂಧದ ಖರ್ಚಿನಲ್ಲಿ ಇಷ್ಟೆಲ್ಲ ಆಗದು. ಅಬಕಾರಿಯ ಆದಾಯದಲ್ಲಿ ಒಂದು ಚೂರು ಇತ್ತ ತಿರುಗಿದರೆ ಆದೀತು.