ಬಾಗಿಲು ತೆರೆದೇ ಇದೆ, ಹೊಸ್ತಿಲು ಮಾತ್ರ ಎತ್ತರ

ಹೋದ ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಗೆಜ್ಜಲಗೆರೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಮದ್ದೂರು ದಾಟಿದ ಮೇಲೆ ಮನ್‌ಮುಲ್ ಡೈರಿ ಸಿಗುತ್ತಲ್ಲ, ಅದೇ. ಸಂಜೆ ಚಿಕ್ಕಪ್ಪನ ಮಗ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. "ಅಣ್ಣ, ಎಲ್‌ಎಲ್‌ವಿಎಂ ಬಿಲ್ಡ್ ಮಾಡೋಕೆ ಮೂರು ಸಲ ನೋಡ್ದೆ, ಆಗ್ಲಿಲ್ಲ. ಇದು ನಮ್ಮಂಥೋರಿಗಲ್ಲ ಬಿಡಣ್ಣ" ಅಂದ.

ಆ ಕೊನೇ ಮಾತು ಚುಚ್ಚಿತು ಕಣ್ರೀ.

ಗೊತ್ತಿಲ್ಲದವರಿಗೆ ಹೇಳ್ತೀನಿ: ಎಲ್‌ಎಲ್‌ವಿಎಂ ಅಂದ್ರೆ ಕಂಪೈಲರ್ ಕಟ್ಟೋ ಸಲಕರಣೆಗಳ ಮುಕ್ತ ತಂತ್ರಾಂಶ. 2000ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾಯ್ತು. ಕ್ಲ್ಯಾಂಗ್, ರಸ್ಟ್, ಸ್ವಿಫ್ಟ್ ಎಲ್ಲಾ ನಿಂತಿರೋದು ಇದರ ಮೇಲೆ. ಇದರ ಒಂದು ಭಾಗವಾದ ಎಂಎಲ್‌ಐಆರ್ ಬಗ್ಗೆ 2020ರಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಉದಯ್ ಬೊಂಧುಗುಲ ಕೂಡ ಒಬ್ಬರು. ಹಾಗಾಗಿ "ನಮ್ಮಂಥೋರಿಗಲ್ಲ" ಅನ್ನೋದನ್ನ ನಾನು ಒಪ್ಪಲ್ಲ.

ಅವನದು ನಾಲ್ಕು ಕೋರಿನ, 8 ಜಿಬಿ ಮೆಮೊರಿಯ ಮೆಷೀನು. ಗಂಟೆಗಟ್ಟಲೆ ಓಡಿ, ಕೊನೆಗೆ "ಎಲ್‌ಡಿ ಟರ್ಮಿನೇಟೆಡ್ ವಿತ್ ಸಿಗ್ನಲ್ 9" ಅಂತ ನಿಂತಿತ್ತು. ಹುಡುಗ ಕೋಡಲ್ಲಿ ತಪ್ಪು ಹುಡುಕ್ತಾ ಕೂತಿದ್ದ. ತಪ್ಪು ಅಲ್ಲಿರಲಿಲ್ಲ. ಮೆಮೊರಿ ಸಾಲದೆ ಲಿನಕ್ಸ್ ಕರ್ನೆಲ್ಲೇ ಲಿಂಕರನ್ನು ಕೊಂದುಹಾಕಿತ್ತು. ಡೀಬಗ್ ಬಿಲ್ಡಿನಲ್ಲಿ ಪ್ರತಿ ಲಿಂಕಿಗೂ ಗಿಗಾಬೈಟುಗಟ್ಟಲೆ ಮೆಮೊರಿ ಬೇಕು. ನಾಲ್ಕು ಕೋರ್ ಇದ್ರೆ ನಿಂಜಾ ಆರು ಕೆಲಸ ಒಟ್ಟಿಗೆ ಬಿಡುತ್ತೆ. ಒಂದೇ ಬಾನಿಗೆ ಆರು ಎಮ್ಮೆ ಬಾಯಿ ಹಾಕಿದಂಗೆ!

ಬದಲಾಯಿಸಿದ್ದು ನಾಲ್ಕೇ. ಬಿಲ್ಡ್ ಟೈಪ್ ರಿಲೀಸ್ ಮಾಡಿದೆ. ಟಾರ್ಗೆಟ್ ಎಕ್ಸ್86 ಒಂದೇ ಅಂದೆ. ಹೇಳದಿದ್ರೆ ಎಆರ್‌ಎಂ, ಮಿಪ್ಸ್, ಪವರ್‌ಪಿಸಿ ಅಂತ ಎಲ್ಲದಕ್ಕೂ ಕಟ್ಟುತ್ತೆ. ಲಿಂಕರ್ ಎಲ್‌ಎಲ್‌ಡಿ. ಪ್ಯಾರಲಲ್ ಲಿಂಕ್ ಜಾಬ್ಸ್ 1. ಸಿಮೇಕ್ ಹಳೇ ಆಯ್ಕೆಗಳನ್ನ ನೆನಪಿಟ್ಟುಕೊಂಡಿರುತ್ತೆ ಅಂತ ಹಳೇ ಬಿಲ್ಡ್ ಡೈರೆಕ್ಟರಿ ಅಳಿಸಿ ಹೊಸದಾಗಿ ಶುರು ಮಾಡಿ ಮಲಗಿದ್ವಿ. ಮಧ್ಯರಾತ್ರಿ ಅಪ್ಪ ಎದ್ದು "ಏನ್ಲಾ ಇದು, ಬೊರ್ರ್ ಅಂತಾ ಅದೆ" ಅಂತ ಬೈದ್ರು :) ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರೋ ಹೊತ್ತಿಗೆ ಬಿಲ್ಡ್ ಮುಗಿದಿತ್ತು.

ಈ ಆಯ್ಕೆಗಳೆಲ್ಲಾ ದಾಖಲೆಯಲ್ಲಿ ಇವೆ, ನಿಜ. ಆದ್ರೆ ತೊಂದರೆ ಮೆಮೊರಿಯದ್ದು ಅಂತ ಗೊತ್ತಿದ್ದೋನಿಗೆ ಮಾತ್ರ ಅವು ಸಿಗೋದು. ಒಂದು ಲಿಂಕಿಗೆ ಇಷ್ಟು ಮೆಮೊರಿ ಅಂತ ಹೇಳಿದ್ರೆ ಎಷ್ಟು ಲಿಂಕ್ ಒಟ್ಟಿಗೆ ಬಿಡಬೇಕು ಅಂತ ಲೆಕ್ಕ ಹಾಕೋ ಆಯ್ಕೆಯೂ ಈಗ ಇದೆ. ಅದನ್ನೂ ನಾವೇ ಕೇಳಿ ಹಾಕಿಸಿಕೊಳ್ಳಬೇಕು! ಮೆಷೀನಿನಲ್ಲಿ ಎಷ್ಟು ಮೆಮೊರಿ ಇದೆ ಅಂತ ಸಿಮೇಕ್‌ಗೆ ತಿಳ್ಕೊಳ್ಳೋಕೆ ಬರುತ್ತೆ. "ನಿನ್ನ ಹತ್ರ 8 ಜಿಬಿ ಇದೆ, ಇದು ಸಾಲಲ್ಲ, ಹೀಗೆ ಮಾಡು" ಅಂತ ಶುರುವಲ್ಲೇ ಒಂದು ಸಾಲು ಹೇಳಿದ್ರೆ ಏನು ಹೋಗುತ್ತೆ?

"ರೆಡಿ ಬೈನರಿ ಇಳಿಸ್ಕೊಳ್ಳಿ" ಅಂತಾರೆ ಕೆಲವರು. ಬಳಸೋನಿಗೆ ಅದು ಸಾಕು. ತಿದ್ದೋನಿಗೆ ಸಾಲಲ್ಲ. ಮುಕ್ತ ತಂತ್ರಾಂಶದ ಅರ್ಥವೇ ತಿದ್ದೋ ಹಕ್ಕು ಅಲ್ವಾ? ಲೈಸೆನ್ಸು ಕೊಟ್ಟ ಆ ಹಕ್ಕನ್ನ ಒಂದು ಡೀಫಾಲ್ಟು ಕಿತ್ಕೊಳ್ಳಬಾರದು. ಹೊಸ ಆಪ್ಟಿಮೈಸೇಶನ್ ಬರೆದೋನಿಗೆ ಚಪ್ಪಾಳೆ ಸಿಗುತ್ತೆ, ಬಿಲ್ಡ್ ಸರಿ ಮಾಡಿದೋನನ್ನ ಯಾರೂ ಕೇಳಲ್ಲ. ನನ್ನ ಪ್ರಕಾರ ಎರಡನೆಯವನೇ ಹೆಚ್ಚು ಜನರನ್ನ ಒಳಗೆ ಕರೆದುಕೊಂಡು ಬರೋದು.

ನಾನು ಹೊರಡೋ ದಿನ ತಮ್ಮ ಆ ನಾಲ್ಕು ಆಯ್ಕೆಗಳನ್ನ ಕನ್ನಡದಲ್ಲಿ ಬರೆದು ಕ್ಲಾಸಿನವರಿಗೆ ಕಳಿಸ್ತಾ ಇದ್ದ. "ನಮ್ಮಂಥೋರಿಗಲ್ಲ" ಅನ್ನೋ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ನಿಮಗೂ ಹೀಗೆ ಆಗಿದ್ರೆ ಹೇಳಿ.