‘ರೆಕಾರ್ಡ್’ ಅಲ್ಲ, ‘ಪ್ಲೇಟು’ ಅಂತ ಕೇಳಿ

ಇಂಗ್ಲೆಂಡಿನಲ್ಲಿ ಹಳೇ ಗ್ರಾಮಫೋನ್ ರೆಕಾರ್ಡ್ ಬೇಕಂದ್ರೆ ಚಾರಿಟಿ ಅಂಗಡಿಗೆ ಹೋಗ್ತಾರೆ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ ಕಡೆ ಗುಜರಿ ಅಂಗಡಿಯೇ ಗತಿ ಅಂತ ನಾನೂ ಅಂದ್ಕೊಂಡಿದ್ದೆ. ವೀಕೆಂಡಲ್ಲಿ ಬೈಕ್ ಹತ್ತಿ ಸುತ್ತಿದ ಮೇಲೆ ಇನ್ನೂ ಒಳ್ಳೇ ವಿಳಾಸ ಸಿಕ್ಕಿತು: ಹಳೇ ಮೈಕ್‌ಸೆಟ್‌ನವರು. ಕ್ಯಾಸೆಟ್ ಬರೋ ಮುಂಚೆ ಮದುವೆ, ಜಾತ್ರೆಗಳಲ್ಲಿ ಹಾಡು ಹಾಕ್ತಿದ್ದೋರು ಅವರೇ ತಾನೆ? ‘ರೆಕಾರ್ಡ್ ಇದ್ಯಾ’ ಅಂದ್ರೆ ಪಹಣಿ ಅಂದ್ಕೋತಾರೆ, ‘ಪ್ಲೇಟು’ ಅನ್ನಿ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಲ್ಲಾದ್ರೆ ತೆಲುಗು ಪ್ಲೇಟುಗಳನ್ನೂ ಕೇಳಿ ನೋಡಿ.

ಸಿಕ್ಕಿದ್ದನ್ನ ಬಿಸಿಲಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಲೇಬಲ್ ಮೇಲೆ 78 ಅಂತಿದ್ರೆ ಬಹುತೇಕ ಅರಗಿನದು, ಬಿದ್ರೆ ಒಡೆಯುತ್ತೆ. ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತೆ. ಎಲ್‌ಪಿಯ ಸೂಜಿಯೂ ಅದಕ್ಕೆ ಆಗಲ್ಲ. 78ರ ಗೆರೆ ಅಗಲ, ಸೂಜಿ ದಪ್ಪ ಇರಬೇಕು.

ರಾಜ್‌ಕುಮಾರ್ ಸಿನಿಮಾ ಹಾಡು ಹೇಗೂ ಫೋನಲ್ಲಿವೆ. ನಾನು ಹುಡುಕೋದು ನಾಟಕದ ಪ್ಲೇಟು, ಹರಿಕಥೆ. ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು. ಕಂಪನಿ ನಾಟಕದ ಎಷ್ಟೋ ದನಿಗಳು ಉಳಿದಿರೋದೇ ಇಂಥ ಮೂರ್ಮೂರು ನಿಮಿಷದ ಮಗ್ಗುಲುಗಳಲ್ಲಿ. ತಗಡು, ಪೇಪರ್‌ಗಾದ್ರೂ ಕೆ.ಜಿ. ಲೆಕ್ಕದಲ್ಲಿ ಬೆಲೆ ಇದೆ. ಅರಗಿನ ಪ್ಲೇಟು ನೇರ ತಿಪ್ಪೆಗೆ.

ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಖಾಲಿ ಮಾಡ್ತಿದ್ರೆ, ಆ ಹಳೇ ಟ್ರಂಕನ್ನ ಒಮ್ಮೆ ತೆಗೆದು ನೋಡಿ. ಪ್ಲೇಟುಗಳಿದ್ರೆ ಒಂದರ ಮೇಲೊಂದು ಪೇರಿಸದೆ, ನೆಟ್ಟಗೆ ನಿಲ್ಲಿಸಿಡಿ.