ಪದವಿ ಕೊಟ್ಟರೆ ಸಾಲದು, ಸಭೆಯನ್ನೂ ಕೊಡಿ



ದೇವಶಾಸ್ತ್ರ ಓದಿದ ಹೆಣ್ಣುಮಕ್ಕಳಿಗೆ ನಗರದ ಕಾರ್ಮಿಕರ ಬಡಾವಣೆಗಳಲ್ಲಿ ಸೇವೆ ಕಷ್ಟ, ಅವರಿಗೆ ಸಂಡೇ ಸ್ಕೂಲು, ಸ್ತ್ರೀಯರ ಕೂಟಗಳೇ ಸರಿ ಎಂಬ ಮಾತು ನಮ್ಮ ಕ್ರೈಸ್ತ ಸಭೆಗಳ ಹಿರಿಯರಿಂದ ಆಗಾಗ ಕೇಳಿಬರುತ್ತದೆ. ಕಾಳಜಿಯಿಂದಲೇ ಆಡಿದ ಮಾತಿರಬಹುದು. ಆದರೂ ನಾನು ಒಪ್ಪಲಾರೆ.

ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹೆಣ್ಣುಮಕ್ಕಳಿಗೆ ಪಾದ್ರಿ ದೀಕ್ಷೆ ಕೊಡತೊಡಗಿದ್ದು 1970ರ ದಶಕದಲ್ಲಿ. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಬಿಷಪ್ ಆದರು. 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಹುಡುಗಿಯರು ಹುಡುಗರ ಜೊತೆಗೇ ಕೂತು ಬಿ.ಡಿ. ಎಂಬ ದೇವಶಾಸ್ತ್ರ ಪದವಿಗೆ ಓದುತ್ತಾರೆ. ಓದು ಮುಗಿದ ಮೇಲೆ ಹುಡುಗನಿಗೆ ಸಭೆ ಸಿಗುತ್ತದೆ. ಹುಡುಗಿಗೆ ಎಷ್ಟೋ ಸಲ ಹಾಸ್ಟೆಲ್ ವಾರ್ಡನ್ ಕೆಲಸವೋ, ಸಭಾಪಾಲಕನ ಹೆಂಡತಿ ಎಂಬ ಸಂಬಳವಿಲ್ಲದ ಹುದ್ದೆಯೋ ಸಿಗುತ್ತದೆ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಪಾದ್ರಿಗಳು ಮನೆಭೇಟಿಗೆ ಹೋಗುವ ಹಗಲು ಹೊತ್ತಿನಲ್ಲಿ ಆ ಮನೆಗಳಿಗೆ ಬೀಗ. ಸಂಜೆ ಬಂದವಳೇ ಒಲೆ ಹಚ್ಚಬೇಕು, ನೀರು ಹಿಡಿಯಬೇಕು, ಮಕ್ಕಳನ್ನು ನೋಡಬೇಕು. ಒಂದೇ ಕೋಣೆಯ ಆ ಮನೆಯಲ್ಲಿ ಗಂಡನಿಲ್ಲದಾಗ ಪರಗಂಡಸು ಎಷ್ಟು ಹೊತ್ತು ಕೂರಬಲ್ಲ? ಸೂಪರ್‌ವೈಸರನ ಬೈಗುಳ, ಕುಡಿದು ಬಂದ ಗಂಡನ ಹೊಡೆತ, ತಡೆದ ಮುಟ್ಟು, ಇವನ್ನೆಲ್ಲ ಅವಳು ಅವನ ಮುಂದೆ ಬಾಯಿಬಿಟ್ಟು ಹೇಳುತ್ತಾಳೆಯೇ? ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುವ ಹೆಣ್ಣೊಬ್ಬಳಿಗೆ ಹೇಳುತ್ತಾಳೆ. ಹೀಗಿರುವಾಗ, ಹೆಣ್ಣುಮಕ್ಕಳಿಗೆ ಒಗ್ಗದು ಎಂದು ಹಿರಿಯರು ಹೇಳುವ ಕಡೆಯೇ ಅವರು ಮೊದಲು ಬೇಕಾಗಿದ್ದಾರೆ.

ಕೇಳಿಸಿಕೊಳ್ಳಲು ಒಳ್ಳೆಯ ಮನಸ್ಸೊಂದೇ ಸಾಲದು, ತಿಳಿವಳಿಕೆಯೂ ಬೇಕು. ಪಿ.ಎಫ್. ಹಣ ತೆಗೆಯುವ ನಿಯಮ ಬಿಗಿಗೊಳಿಸುವುದನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ಆ ಹಣ ಅವರ ಪಾಲಿಗೆ ಮಗಳ ಮದುವೆ, ಮಗನ ಫೀಸು. ಇದು ಗೊತ್ತಿಲ್ಲದವರು ಅವರಿಗಾಗಿ ಏನೆಂದು ಪ್ರಾರ್ಥಿಸುತ್ತಾರೆ? ಇಎಸ್‌ಐ ಆಸ್ಪತ್ರೆಯ ದಾರಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಕಾರ್ಖಾನೆಯಲ್ಲಿ ಲೈಂಗಿಕ ಕಿರುಕುಳದ ದೂರು ಎಲ್ಲಿ ಕೊಡಬೇಕು ಎಂಬುದು, ಇವೆಲ್ಲ ಹೀಬ್ರೂ, ಗ್ರೀಕ್‌ಗಳಷ್ಟೇ ಮುಖ್ಯ ಪಾಠಗಳು. ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಹಾಸ್ಟೆಲ್‌ಗಳಲ್ಲಿರುವ ಹುಡುಗಿಯರ ಜೊತೆ ಮಾತಾಡುವಷ್ಟು ಹಿಂದಿಯೂ ಬೇಕು. ಮತಾಂತರದ ಗುಮಾನಿ ಹಬ್ಬಿರುವ ಈ ಕಾಲದಲ್ಲಿ ಬಿಡಿಸಿ ಹೇಳುತ್ತೇನೆ: ನಾನು ಕೇಳುತ್ತಿರುವುದು ನೊಂದವರ ಜೊತೆ ನಿಲ್ಲುವ ಸೇವೆಯನ್ನು, ಜನ ಕೂಡಿಸುವುದನ್ನಲ್ಲ.

ಸುರಕ್ಷತೆಯ ಚಿಂತೆ ನಿಜವೇ ಆದರೆ ಹಿರಿಯರು ಇಬ್ಬಿಬ್ಬರನ್ನು ಜೊತೆಯಾಗಿ ಕಳಿಸಲಿ, ಬಡಾವಣೆಯಲ್ಲೇ ಬಾಡಿಗೆ ಮನೆ ಮಾಡಿಕೊಡಲಿ, ಗಂಡಸರಷ್ಟೇ ಸಂಬಳ ಕೊಡಲಿ. ವಿದ್ಯಾರ್ಥಿನಿಯರ ತರಬೇತಿಯ ಒಂದು ಪೂರ್ತಿ ವರ್ಷ ಅಲ್ಲೇ ನಡೆಯಲಿ. ಮುಗಿದ ಕೂಡಲೇ ದೀಕ್ಷೆಯೂ, ಕರ್ತನ ಭೋಜನ ನಡೆಸುವ ಅಧಿಕಾರವೂ, ಅದೇ ಬಡಾವಣೆಯ ಸಭೆಯೂ ಅವರದಾಗಲಿ. ಪಾದ್ರಿಗಳ ಮುಂದಿನ ವರ್ಗಾವಣೆ ಪಟ್ಟಿ ಸಿದ್ಧಪಡಿಸುವ ಮೊದಲೇ ಸಭಾಪ್ರಾಂತಗಳು (ಡಯಾಸಿಸ್‌ಗಳು) ಇದನ್ನು ತೀರ್ಮಾನಿಸಬೇಕು.

– ಒಬ್ಬ ಸಭಾಸದಸ್ಯೆ, ಬೆಂಗಳೂರು